ಈಗ ತಾನೇ ಕುಡಿದು ಬಂದೆ

ಯಾರ ಮನೆಗಾದರೂ ಹೋದಾಗ ಕಾಫಿ ಬೇಡ ಎನ್ನುವುದಕ್ಕೆ ನಮ್ಮ ಕಡೆ ಎಷ್ಟು ಬಗೆಯ ಮರ್ಯಾದೆಯ ಮಾತುಗಳಿವೆ ಎಂದು ತಿಳಿಯಬೇಕಾದರೆ ಚಲುವಮ್ಮನನ್ನು ಕೇಳಬೇಕು. ನಂಜನಗೂಡಿನ ಆ ಬೀದಿಯಲ್ಲಿ ಮನೆ ಕಟ್ಟಿಕೊಂಡ ಹನ್ನೊಂದು ವರ್ಷದಲ್ಲಿ ಅವಳು ಎಲ್ಲವನ್ನೂ ಕೇಳಿದ್ದಳು. ಬೆಳಿಗ್ಗೆಯಾದರೆ, “ಇನ್ನೂ ಪೂಜೆ ಆಗಿಲ್ಲ ಕಣ್ರೀ.” ಮಧ್ಯಾಹ್ನವಾದರೆ, “ಈ ಬಿಸಿಲಲ್ಲಿ ಕಾಫಿ ಕುಡಿದ್ರೆ ಪಿತ್ತ.” ಸಂಜೆಯಾದರೆ, “ಈಗ್ತಾನೇ ಕುಡ್ಕೊಂಡು ಬಂದೆ.” ಹೇಳುವವರು ಕೆಟ್ಟವರೇನಲ್ಲ, ನಗುನಗುತ್ತಲೇ ಹೇಳುತ್ತಿದ್ದರು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ನಗುತ್ತ ಬೇಡ ಎಂದವರಿಗೆ ಏನು ಹೇಳುವುದು?

ಚಲುವಮ್ಮ ಹುಟ್ಟಿದ್ದು ಹುಲ್ಲಹಳ್ಳಿ ಹತ್ತಿರದ ಒಂದು ಊರಿನ ದಲಿತರ ಕೇರಿಯಲ್ಲಿ. ಅಪ್ಪ ಪುಟ್ಟಬಸವಯ್ಯ ನಾಲೆಯ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ತೂಬು ಎತ್ತಿ ಇಳಿಸುವ ಕೆಲಸ. ಇಡೀ ಊರಿನ ಗದ್ದೆಗೆ ನೀರು ಬಿಟ್ಟು ಬರುತ್ತಿದ್ದ ಆ ಮನುಷ್ಯ ತನಗೆ ಬಾಯಾರಿದಾಗ ಯಾರದಾದರೂ ಜಗಲಿಯ ಕೆಳಗೆ ಬೊಗಸೆಯೊಡ್ಡಿ ನಿಲ್ಲಬೇಕಾಗಿತ್ತು. ಮೇಲಿನಿಂದ ಹೊಯ್ಯುತ್ತಿದ್ದರು, ಅರ್ಧ ಕೈಗೆ, ಅರ್ಧ ಮಣ್ಣಿಗೆ. ಮಗಳು ಪಕ್ಕದಲ್ಲೇ ನಿಂತು ನೋಡಿದ್ದಳು. ಮನೆಗೆ ಬಂದವರನ್ನು ಕೂರಿಸಿ, ಲೋಟವನ್ನು ಕೈಗೆ ಕೊಟ್ಟು ಕುಡಿಸಬೇಕು ಎಂಬ ಆಸೆ ಅವಳಲ್ಲಿ ಆಗಲೇ ಹುಟ್ಟಿತೋ ಏನೋ, ಅವಳಿಗೇ ಗೊತ್ತಿಲ್ಲ.

ಗಂಡ ರಾಜೇಂದ್ರ ತಾಲ್ಲೂಕು ಕಛೇರಿಯಲ್ಲಿ ಗುಮಾಸ್ತ. ತೊಂಬತ್ತಮೂರರಲ್ಲಿ, ಮೈಸೂರಿಗೆ ಹೊರಟಿದ್ದ ಒಬ್ಬರು ಅವಸರದಲ್ಲಿ ಮಾರಿದ ಸೈಟನ್ನು ಅವನು ಹೆಂಡತಿಯ ಹೆಸರಿಗೆ ಬರೆಸಿದ. ಪ್ರೀತಿಗೇ ಬರೆಸಿದ ಎನ್ನೋಣ. ಆದರೆ ಚಲುವಮ್ಮ ಎಂಬ ಹೆಸರು ಯಾವ ಜಾತಿಯಲ್ಲಿ ಬೇಕಾದರೂ ಇರುತ್ತದೆ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ಯಾರ ಮನೆ ಏಳುತ್ತಿದೆ ಎಂದು ಬೀದಿಯವರಿಗೆ ತಿಳಿಯುವಷ್ಟರಲ್ಲಿ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಆಮೇಲೆ ಯಾರೂ ಏನೂ ಅನ್ನಲಿಲ್ಲ. ಏನೂ ಅನ್ನದೇ ಇರುವುದರಲ್ಲಿ ಆ ಬೀದಿ ಬಹಳ ನಿಸ್ಸೀಮ.

ಗೃಹಪ್ರವೇಶಕ್ಕೆ ಅಂತ ಚಲುವಮ್ಮ ಬಜಾರ್ ಬೀದಿಯಲ್ಲಿ ಅರ್ಧ ಡಜನ್ ಸ್ಟೀಲ್ ಲೋಟ ಕೊಂಡಳು. ಅಂಗಡಿಯವನು ಮೆಷಿನ್ನಿನಿಂದ ಕುಟುಕುಟು ಎಂದು ಪ್ರತಿ ಲೋಟದ ಮೇಲೂ ಚುಕ್ಕಿಚುಕ್ಕಿಯಾಗಿ ‘ಚಲುವಮ್ಮ’ ಎಂದು ಹೆಸರು ಹಾಕಿಕೊಟ್ಟ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ತನ್ನ ಹೆಸರನ್ನು ಅಷ್ಟು ಹೊಳೆಯುವ ಜಾಗದಲ್ಲಿ ನೋಡಿ ಮೈಯೆಲ್ಲ ಹಿಗ್ಗು. ಗೃಹಪ್ರವೇಶದ ದಿನ ಬೀದಿಯವರು ಬಂದರು, ಅರಿಶಿನ ಕುಂಕುಮ ತಗೊಂಡರು, ಎಲೆ ಅಡಿಕೆ ತೆಂಗಿನಕಾಯಿ ತಗೊಂಡರು, ಊಟಕ್ಕೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕಾರಣ ಬಂತು. ಲೋಟಗಳು ಪೇಪರಿನಲ್ಲಿ ಸುತ್ತಿಕೊಂಡು ಅಟ್ಟಣಿಗೆ ಹತ್ತಿದವು. ಹಬ್ಬ ಬಂದಾಗ ಇಳಿಸಿ, ತೊಳೆದು, ಒರೆಸಿ, ಮತ್ತೆ ಹೊಸ ಪೇಪರು ಸುತ್ತಿ ಇಡುವಳು. ಮನೆಯವರು ಯಾರೂ ಮುಟ್ಟುವಂತಿಲ್ಲ. “ಯಾರಿಗೆ ಕಾಯ್ತಾ ಅವೆ ಕಣೆ ಚಲುವಿ ಇವು? ತುಕ್ಕೂ ಹಿಡಿಯಾಕಿಲ್ಲ ನೋಡು” ಎಂದು ರಾಜೇಂದ್ರ ತಮಾಷೆ ಮಾಡುವನು. ಅವಳಿಗೆ ನಗು ಬರುತ್ತಿರಲಿಲ್ಲ.

ಕಾಫಿ ನಡೆಯದ ಕಡೆ ಬಾಳೆಹಣ್ಣು ನಡೆಯುತ್ತದೆ ಎಂದು ಅವಳಿಗೆ ಬೇಗ ತಿಳಿಯಿತು. ಹಿತ್ತಿಲಲ್ಲಿ ನಾಲ್ಕು ರಸಬಾಳೆ ಹಾಕಿದ್ದಳು. ಸಿಪ್ಪೆ ಇರುವ ಹಣ್ಣನ್ನು ಯಾರ ಕೈಯಿಂದ ಇಸಕೊಂಡರೂ ದೋಷವಿಲ್ಲ. ಕಾಂಪೌಂಡಿನ ಮೇಲಿಂದ ಚಿಪ್ಪು ಕೊಟ್ಟರೆ ಎದುರು ಮನೆಯ ಸುಬ್ಬಲಕ್ಷ್ಮಮ್ಮನಂಥ ಮಡಿಯ ಹೆಂಗಸೂ “ನಿನ್ನ ಕೈಗುಣ ಕಣಮ್ಮಾ” ಎಂದು ಸೆರಗಿನಲ್ಲಿ ಹಾಕಿಕೊಂಡು ಹೋಗುವಳು. ಆ ಬೀದಿಯಲ್ಲಿ ಚಲುವಮ್ಮ ಬದುಕಿದ್ದು ಬಾಳೆಯ ಸಿಪ್ಪೆಯ ದಯೆಯಿಂದ ಎಂದರೂ ತಪ್ಪಿಲ್ಲ.

ಎಲ್ಲರಿಗಿಂತ ಹತ್ತಿರದವಳು ಪಕ್ಕದ ಮನೆಯ ಸರ್ವಮಂಗಳಾ. ಗಂಡ ಬಸವಯ್ಯನದು ಸಿಮೆಂಟು, ಕಬ್ಬಿಣದ ಅಂಗಡಿ. ಲಿಂಗಪೂಜೆ ಆಗದೆ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕದ ಸರ್ವಮಂಗಳಾ ಪೂಜೆ ಮುಗಿಸಿದವಳೇ ಹಿತ್ತಿಲ ಗೋಡೆಯ ಹತ್ತಿರ ಬಂದು “ಚಲುವಮ್ಮಾ, ಏನ್ರೀ ಸಾರು?” ಎನ್ನುವಳು. ಇಬ್ಬರೂ ಗೋಡೆಗೆ ಮೊಣಕೈ ಊರಿ ಬೆಳಗೆಲ್ಲ ಮಾತಾಡುವರು. ಕವನ, ಚಲುವಮ್ಮನ ಒಬ್ಬಳೇ ಮಗಳು, ಹೆರಿಗೆ ನೋವು ತಿನ್ನುತ್ತಿದ್ದಾಗ ಆಟೋ ಹಿಡಿದು ತಂದವಳು ಸರ್ವಮಂಗಳಾ. ಒಂದು ಗೌರಿ ಹಬ್ಬದ ದಿನ ಅದೇ ಗೋಡೆಗೆ ಒರಗಿ ಅವಳು ಗಳಗಳ ಅತ್ತದ್ದನ್ನು ನೋಡಿದವಳು ಚಲುವಮ್ಮ. “ಎಲ್ಲಾರಿಗೂ ತವರಿಂದ ಅಣ್ಣ ತಮ್ಮ ಬಾಗಿನ ತರ್ತಾರೆ. ನಮ್ಮಪ್ಪಂಗೆ ನಾವು ಐದೂ ಹೆಣ್ಣೇ. ನಂಗೆ ಯಾರ್ ತರ್ತಾರೆ ಹೇಳಿ?” ಚಲುವಮ್ಮ ಒಳಗೆ ಹೋಗಿ ಅರಿಶಿನ, ಕುಂಕುಮ, ಒಂದು ಚಿಪ್ಪು ರಸಬಾಳೆ ಮೊರದಲ್ಲಿಟ್ಟು ಗೋಡೆಯ ಮೇಲೆ ಇಟ್ಟಿದ್ದಳು. ಸರ್ವಮಂಗಳಾ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಅಷ್ಟು ಹತ್ತಿರ. ಆದರೂ ಚಲುವಮ್ಮನ ಮನೆಯ ಕಾಫಿಗೆ ಅವಳದೂ “ಈಗ್ತಾನೇ ಕುಡ್ಕೊಂಡು ಬಂದೆ” ಅಷ್ಟೇ. ಚಲುವಮ್ಮ ಅವಳ ಮನೆಗೆ ಹೋದಾಗ ಕಾಫಿ ಬರುತ್ತಿದ್ದುದು ಗಾಜಿನ ಲೋಟದಲ್ಲಿ. ಆ ಲೋಟ ಹಿತ್ತಿಲ ಕಿಟಕಿಯಲ್ಲಿ ಬೇರೆ ಇರುತ್ತಿತ್ತು.

ಬೀದಿ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಎರಡೂ ಕಡೆ ಹೊಂಗೆ ಮರ. ಮಧ್ಯಾಹ್ನ ಮಿಕ್ಸಿಯ ಸದ್ದು ನಿಂತರೆ ಹೊಳೆ ಕಡೆಯ ಗಾಳಿ ಎಲೆಗಳಲ್ಲಿ ಓಡಾಡುವುದು ಕೇಳಿಸುತ್ತಿತ್ತು. ಮೂಲೆಯಲ್ಲಿ, ಸರ್ವಮಂಗಳಾ ಮನೆಯಾಚೆ, ಯಾವ ಕಾಲದಲ್ಲೋ ಮುಚ್ಚಿದ ಬೆಲ್ಲದ ಮಂಡಿ. ಎರಡು ಸಾವಿರದ ಐದನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಆ ಮಂಡಿಯ ಗೋಡೆಗೆ ಒಂದು ದೊಡ್ಡ ಬೋರ್ಡು ಬಂತು. ನೀಲಿ ಆಕಾಶ, ಐದಂತಸ್ತಿನ ಬಿಳಿ ಕಟ್ಟಡ, ಮುಂದೆ ಈ ಊರಿನಲ್ಲಿ ಎಂದೂ ಬೆಳೆಯದ ಥರದ ಹಸಿರು ಹುಲ್ಲು. ಮೈಸೂರಿನ ಬಿಲ್ಡರ್ ಒಬ್ಬ ಅಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಾನಂತೆ.

ಬೀದಿಗೆ ಜ್ವರ ಹಿಡಿಯಿತು. ಸುಬ್ಬಲಕ್ಷ್ಮಮ್ಮನಿಗೆ ತನ್ನ ಬಾವಿಯ ಚಿಂತೆ, “ಅವ್ರು ಬೋರ್ ಹೊಡೆದ್ರೆ ನಮ್ಮ ಬಾವೀಲಿ ಕೊಡದ ತಳ ನೆನೆಯೋಷ್ಟು ನೀರೂ ಉಳಿಯೋಲ್ಲ ಕಣಮ್ಮಾ. ಮೇಲಿಂದ ಮೈಲಿಗೆ ಬಟ್ಟೆ ಬೇರೆ ನಮ್ಮ ತಲೇ ಮೇಲೇ ಒಣಗ್ತವೆ!” ರಿಟೈರಾದ ಬಸ್ ಕಂಡಕ್ಟರ್ ಶಿವಣ್ಣ, ಮೂವತ್ತು ವರ್ಷ ಜನರ ನೂಕುನುಗ್ಗಲಿನಲ್ಲಿ ನಿಂತು ಬಂದವನು, ಸಂಜೆ ರಸ್ತೆಯ ನಡುಮಧ್ಯೆ ಕೈ ಬೀಸಿಕೊಂಡು ವಾಕಿಂಗ್ ಮಾಡುವ ಒಂದೇ ಒಂದು ಸುಖ ಇಟ್ಟುಕೊಂಡಿದ್ದ, ಅದೂ ಹೋಯಿತು ಎಂದು ಕೂತ. ಬಸವಯ್ಯ ಎಲ್ಲರಿಗಿಂತ ಹೆಚ್ಚು ಹಾರಾಡಿದ. ಸಿಮೆಂಟು ಅಂಗಡಿಯವನಿಗೆ ಕಟ್ಟಡ ಬೇಡವಾಗುವುದು ವಿಚಿತ್ರವೇ. ಆದರೆ ಬಿಲ್ಡರ್ ಸಿಮೆಂಟನ್ನು ಮೈಸೂರಿನಿಂದಲೇ ತರಿಸುತ್ತಾನೆಂದು ತಿಳಿದ ದಿನದಿಂದ ಬಸವಯ್ಯನಿಗೆ ಊರಿನ ನೆಮ್ಮದಿಯ ಮೇಲೆ ಬಹಳ ಕಾಳಜಿ ಬಂದಿತ್ತು.

ಸರ್ವಮಂಗಳಾಳ ಭಯ ಮಾತ್ರ ಪೊಳ್ಳಲ್ಲ. ಗೋಡೆಯ ಹತ್ತಿರ ದನಿ ತಗ್ಗಿಸಿ ಹೇಳಿದಳು, “ನಾನು ಬೆಳಿಗ್ಗೆ ಹಿತ್ತಲ ಜಗಲೀಲಿ ಕೂತು ಪೂಜೆ ಮಾಡ್ತೀನಿ, ನಿಮಗೆ ಗೊತ್ತಲ್ಲ. ಅಂಗೈಯಲ್ಲಿ ಲಿಂಗ ಇಟ್ಕೊಂಡು ಕಣ್ಮುಚ್ಚಿ ಕೂತಿರೋವಾಗ ಐದನೇ ಅಂತಸ್ತಿಂದ ಯಾರೋ ಹಲ್ಲುಜ್ಜುತ್ತಾ ನೋಡ್ತಾ ನಿಂತಿದ್ರೆ? ನೆನೆಸ್ಕೊಂಡ್ರೇ ಮೈ ಮುದುಡತ್ತೆ ಕಣ್ರೀ.”

“ನಿಜ ಅಕ್ಕೋರೆ” ಎಂದಳು ಚಲುವಮ್ಮ. ಅವಳ ಬಚ್ಚಲೂ ಹಿತ್ತಿಲಲ್ಲೇ ಇತ್ತು. ಆ ದಿನ ಅವಳೂ ಬೀದಿಯವರ ಪೈಕಿಯೇ ಒಬ್ಬಳಾಗಿ ಆ ಬೋರ್ಡನ್ನು ಶಪಿಸಿದಳು, ಹಾಗೆ ಒಟ್ಟಿಗೆ ಶಪಿಸುವುದರಲ್ಲಿ ಒಂದು ಸುಖವಿತ್ತು.

ಮಾರನೆಯ ದಿನ, ಭಾನುವಾರ, ಕವನ ಮಗುವನ್ನೆತ್ತಿಕೊಂಡು ಟಿ. ನರಸೀಪುರದಿಂದ ಬಂದಳು. ಅಲ್ಲಿ ಅವಳು ಸರ್ಕಾರಿ ಶಾಲೆಯ ಟೀಚರ್. ಗಂಡ ಕೃಷ್ಣ ನಂಜನಗೂಡಿನ ಕಾರ್ಖಾನೆಯೊಂದರಲ್ಲಿದ್ದಾನೆ. ಅವಳೊಂದು ಕಡೆ ಸಹೋದ್ಯೋಗಿಯ ಮನೆಯ ರೂಮಿನಲ್ಲಿ, ಅವನೊಂದು ಕಡೆ ಗೆಳೆಯರ ರೂಮಿನಲ್ಲಿ, ಹೀಗೇ ದಿನ ದೂಡುತ್ತಿದ್ದರು. ಅತ್ತೆಯ ಮನೆಯಲ್ಲಿ ಬಂದು ಕೂರಲು ಕೃಷ್ಣನಿಗೆ ಮನಸ್ಸಿಲ್ಲ. ಇದ್ದುದೂ ಒಂದೇ ರೂಮು. ಮೇಲೆ ಕಟ್ಟೋಣವೆಂದರೆ ತಳಪಾಯ ತಡೆಯುವಂಥದ್ದಲ್ಲ. ಬಾಡಿಗೆ ಮನೆ ಹುಡುಕಿ ಹುಡುಕಿ ಇಬ್ಬರಿಗೂ ಸಾಕಾಗಿತ್ತು.

“ಸೋಸಲೆ ರೋಡಲ್ಲಿ ಒಂದು ಮನೆ ನೋಡಿದ್ವಲ್ಲ ಅವ್ವಾ” ಎಂದಳು ಕವನ. “ಟೀಚರ್ ಅಂದಿದ್ದಕ್ಕೆ ತುಂಬಾ ಖುಷಿಯಾದ್ರು. ಸೋಮವಾರ ಒಳ್ಳೇ ದಿನ, ಹಾಲು ಉಕ್ಕಿಸ್ಬಿಡಿ ಅಂದ್ರು. ಗೇಟ್ ತನಕ ಬಂದು, ‘ಅಂದ್ಹಾಗೆ ನೀವು ಯಾವ ಜನ?’ ಅಂದ್ರು. ಹೇಳಿದೆ. ಸಂಜೆ ಫೋನು, ‘ನಮ್ಮ ತಮ್ಮ ಬರ್ತಾನಂತೆ ಕಣಮ್ಮ, ಮನೆ ಅವನಿಗೇ ಬೇಕಂತೆ.’ ಅದಕ್ಕೂ ಮುಂಚೆ ನೋಡಿದ ಮನೆಯೋರೂ ಹಿಂಗೇ ಅಂದಿದ್ರು. ಮನೆ ಬಾಡಿಗೆಗೆ ಕೊಡೋರಿಗೆಲ್ಲಾ ಒಬ್ಬೊಬ್ಬ ತಮ್ಮ ಇರ್ತಾನೆ ಅವ್ವ.”

ಕವನ ನಕ್ಕಳು.

“ಅದಕ್ಕೇ ನಾವು ಒಂದು ತೀರ್ಮಾನ ಮಾಡಿದೀವಿ” ಎಂದಳು ಮಗಳು. “ಇಲ್ಲೇ ಮೂಲೇಲಿ ಅಪಾರ್ಟ್‌ಮೆಂಟ್ ಬರತ್ತಲ್ಲ, ಎರಡನೇ ಅಂತಸ್ತಲ್ಲಿ ಒಂದು ಫ್ಲಾಟ್ ಬುಕ್ ಮಾಡಿದ್ವಿ. ಬ್ಯಾಂಕ್ ಲೋನ್ ಆಗತ್ತೆ. ಆ ಆಫೀಸಲ್ಲಿ ಹೆಸರು ಕೇಳಿದ್ರು, ಕೆಲಸ ಕೇಳಿದ್ರು, ಸಂಬಳ ಕೇಳಿದ್ರು, ಅಷ್ಟೇ ಅವ್ವ. ನಂಗೆ ನಂಬೋಕೇ ಆಗ್ಲಿಲ್ಲ. ನಾನೇ ‘ಇನ್ನೇನೂ ಕೇಳಲ್ವಾ’ ಅಂದೆ.” ಮಗುವನ್ನು ಕಿಟಕಿಯ ಕಡೆ ತಿರುಗಿಸಿ, “ನೋಡೋ, ಅಜ್ಜಿ ಮನೆ ಮೇಲಿಂದ ಕಾಣತ್ತೆ ನಿಂಗೆ” ಎಂದಳು.

ಮಗಳು, ಮೊಮ್ಮಗು ಕೂಗಳತೆಯಲ್ಲಿ ಇರುವುದೆಂದರೆ ಅವಳಿಗೆ ಬೇರೆ ಸ್ವರ್ಗ ಬೇಕಾಗಿರಲಿಲ್ಲ. ಆದರೆ ಬೀದಿ? ನಿನ್ನೆ ತಾನೇ ಗೋಡೆಯ ಮೇಲೆ ಮೊಣಕೈ ಊರಿ ಸರ್ವಮಂಗಳಾಳಿಗೆ ‘ನಿಜ ಅಕ್ಕೋರೆ’ ಎಂದು ಬಂದಿದ್ದಾಳೆ. “ಯಾರ ಕೈಲೂ ಅನ್ಬೇಡ ಕಣೆ ಮಗಾ, ಸದ್ಯಕ್ಕೆ” ಎಂದಳು. ತನ್ನ ಮಗಳು ಮನೆ ಕೊಳ್ಳುವುದನ್ನು ಕಳ್ಳತನದಂತೆ ಮುಚ್ಚಿಡಬೇಕಾಯಿತಲ್ಲ ಎಂದು ಆಮೇಲೆ ದುಃಖವಾಯಿತು. ಅಂದಿನಿಂದ ಅವಳು ಗೋಡೆಯ ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದಳು. ಸರ್ವಮಂಗಳಾ ಕೂಗಿದರೆ ಒಲೆಯ ಮೇಲೆ ಏನೋ ಇದೆ ಎನ್ನುವಳು.

ಹೀಗಿರುವಾಗ ಒಂದು ಸೋಮವಾರ ಸಂಜೆ ಗೇಟು ಕಿರ್ರೆಂದಿತು. ಮುಂದೆ ಬಸವಯ್ಯ, ಕೈಯಲ್ಲಿ ಒಂದು ಕಾಗದ. ಹಿಂದೆ ಶಿವಣ್ಣ, ಸುಬ್ಬಲಕ್ಷ್ಮಮ್ಮ, ಕೊನೆಯಲ್ಲಿ ಸರ್ವಮಂಗಳಾ. ಆಫೀಸಿನಿಂದ ಆಗಷ್ಟೇ ಬಂದಿದ್ದ ರಾಜೇಂದ್ರ ಬನಿಯನ್ನಿನ ಮೇಲೆ ಶರ್ಟು ಏರಿಸಿಕೊಂಡು ಎದ್ದು ನಿಂತ. ಗೃಹಪ್ರವೇಶದ ನಂತರ ಇಷ್ಟು ಜನ ಒಟ್ಟಿಗೆ ಆ ನಡುಮನೆಯಲ್ಲಿ ಕೂತದ್ದು ಅದೇ ಮೊದಲು. ಗೋಡೆಯ ಮೇಲೆ ರಾಜೇಂದ್ರ ಹಾಕಿಸಿದ ಬುದ್ಧನ ಫೋಟೋ ಇತ್ತು. ಎಲ್ಲರೂ ಅದನ್ನೊಮ್ಮೆ ನೋಡಿ ಬೇರೆ ಕಡೆ ನೋಡಿದರು.

“ಕಾಫಿ ಮಾಡ್ತೀನಿ” ಎಂದಳು ಚಲುವಮ್ಮ. ಬಾಯಿ ಮಾತಿಗೆ ಅಂದದ್ದು, ಉತ್ತರ ಗೊತ್ತಿದ್ದೇ ಅಂದದ್ದು.

“ಮಾಡಿ ಚಲುವಮ್ಮ” ಎಂದಳು ಸರ್ವಮಂಗಳಾ. “ಸಕ್ಕರೆ ಒಂದು ಚೂರು ಕಮ್ಮಿ ಇರ್ಲಿ.”

ಚಲುವಮ್ಮ ಅಡುಗೆಮನೆಗೆ ಹೋದಳು. ಸ್ಟೂಲು ಹಾಕಿಕೊಂಡು ಹತ್ತಿ ಲೋಟಗಳನ್ನು ಇಳಿಸಿದಳು. ಪೇಪರು ಬಿಚ್ಚಿದಳು, ತೊಳೆದಳು, ಸಾಲದೆಂದು ಮತ್ತೆ ತೊಳೆದಳು. ಕಾಫಿಪುಡಿ ಹಾಕುವಾಗ ಅರ್ಧ ಸ್ಟವ್ ಮೇಲೆ ಚೆಲ್ಲಿತು. ನಡುಮನೆಯಿಂದ ಬಸವಯ್ಯನ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಎಲ್ಲಾರೂ ಸೇರಿ ಪುರಸಭೆಗೆ ಒಂದು ತಕರಾರು ಅರ್ಜಿ ಕೊಡೋಣ ಅಂತ ರಾಜೇಂದ್ರ ಅವ್ರೇ. ನೀರು, ಚರಂಡಿ ಎಲ್ಲಾ ಬರೆದಿದೀವಿ. ಆದ್ರೆ ನಿಜವಾದ ತೊಂದರೆ ಅದಲ್ಲ. ಬಾಡಿಗೆ ಮನೆ ಆದ್ರೆ ಓನರ್ ಆದೋನು ಕೇಳ್ತಾನೆ, ಯಾವೂರು, ಯಾವ ಜನ, ಅಂತ. ಒಂದು ಅಂದಾಜು ಇರತ್ತೆ. ಈ ಬಿಲ್ಡರ್‌ಗೆ ದುಡ್ಡು ಬಂದ್ರೆ ಆಯ್ತು. ಯಾರು ಬೇಕಾದ್ರೂ ಬಂದು ಸೇರ್ಕೋತಾರೆ.”

ಶಿವಣ್ಣ ಕೆಮ್ಮಿದ. ಬಸವಯ್ಯನಿಗೂ ತಾನು ಯಾರ ಮನೆಯಲ್ಲಿ ಕೂತು ಏನು ಹೇಳಿದೆ ಎಂದು ಆಗ ಹೊಳೆದಿರಬೇಕು. “ನಿಮ್ಮನ್ನಲ್ಲ ನಾನ್ ಹೇಳಿದ್ದು. ನೀವು ನಮ್ಮೋರ ಥರಾನೇ” ಎಂದ.

“ಸರಿ ಸಾ” ಎಂದ ರಾಜೇಂದ್ರ.

“ಇನ್ನೊಂದು ವಿಷ್ಯ. ಆ ಬಿಲ್ಡರ್ ಊರೆಲ್ಲಾ ಹೇಳ್ಕೊಂಡು ತಿರುಗ್ತಾ ಇದ್ದಾನೆ, ಈ ಬೀದಿಯೋರು ಜಾತಿ ನೋಡ್ತಾರೆ, ಅದಕ್ಕೇ ತಕರಾರು ಮಾಡ್ತಾರೆ, ಅಂತ. ನಿಮ್ಮನೆ ಸೈನು ಎಲ್ಲಾರಿಗಿಂತ ಮೇಲೆ ಇದ್ರೆ ಅವನ ಬಾಯಿ ಮುಚ್ಚತ್ತೆ ನೋಡಿ. ಅದಕ್ಕೇ ಮೇಲ್ಗಡೆ ಜಾಗ ಬಿಟ್ಟಿದೀವಿ.”

ಹಾಲು ಉಕ್ಕಿ ಸ್ಟವ್ ಮೇಲೆ ಸುರಿಯಿತು. ಚಲುವಮ್ಮ ಬಟ್ಟೆ ಹುಡುಕುತ್ತಿದ್ದಳು, ಕೈಯಲ್ಲೇ ಬಟ್ಟೆ ಇತ್ತು. ಸಕ್ಕರೆ ಕಮ್ಮಿ ಇರಲಿ ಎಂದದ್ದು ಯಾತಕ್ಕೆ ಎಂದು ಈಗ ಅರ್ಥವಾಯಿತು. ಅರ್ಥವಾದ ಮೇಲೂ ಕಾಫಿ ಬೆರೆ‍ಸಲೇಬೇಕಲ್ಲ, ಬೆರೆಸಿದಳು.

ತಟ್ಟೆ ಹಿಡಿದು ಬಂದಾಗ ರಾಜೇಂದ್ರ ಹೇಳುತ್ತಿದ್ದ, “ಸೈಟು ನನ್ನ ಹೆಸರಲ್ಲಿಲ್ಲ ಸಾ, ಅವಳ ಹೆಸರಲ್ಲಿ ಅದೆ. ಅವಳನ್ನೇ ಕೇಳಿ.” ಇಪ್ಪತ್ತು ವರ್ಷ ಕಛೇರಿಯಲ್ಲಿ ಕಡತವನ್ನು ಪಕ್ಕದ ಟೇಬಲ್ಲಿಗೆ ದಾಟಿಸಿ ಅಭ್ಯಾಸವಾದ ಮನುಷ್ಯ, ಮನೆಯಲ್ಲೂ ದಾಟಿಸಿದ.

ಶಿವಣ್ಣ ಗ್ಯಾಸ್ಟ್ರಿಕ್ ಎಂದು ಕೈಮುಗಿದ. ಸುಬ್ಬಲಕ್ಷ್ಮಮ್ಮ “ನಾನು ಹೊರಗಡೆ ಏನೂ ಮುಟ್ಟೋಲ್ಲ, ನಿಂಗೇ ಗೊತ್ತಲ್ಲಮ್ಮಾ” ಎಂದು ತಟ್ಟೆಯಂಚಿನಲ್ಲಿದ್ದ ಬಾಳೆಹಣ್ಣು ತೆಗೆದುಕೊಂಡಳು. ಬಸವಯ್ಯ ಲೋಟ ತೆಗೆದು ಪಕ್ಕದಲ್ಲಿಟ್ಟುಕೊಂಡ, ಅದು ಅಲ್ಲೇ ಕೆನೆ ಕಟ್ಟಿತು. ಸರ್ವಮಂಗಳಾ ಮಾತ್ರ ಲೋಟ ಎತ್ತಿದಳು. ಒಂದು ಗುಟುಕು ಕುಡಿದಳು, ನಿಲ್ಲಿಸಿದಳು, ಮತ್ತೆ ಕುಡಿದಳು, ಕೊನೆತನಕ ಕುಡಿದಳು. “ಚೆನ್ನಾಗಿದೆ ಕಣ್ರೀ. ಚಿಕೋರಿ ಕಮ್ಮಿ ಹಾಕ್ತೀರಲ್ವಾ?” ಎಂದಳು.

ಸುಳ್ಳು ಯಾಕೆ ಹೇಳಬೇಕು, ಚಲುವಮ್ಮನಿಗೆ ಸಂತೋಷವಾಯಿತು. ಒಳಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು, ಆದರೂ ಕಣ್ಣು ತುಂಬುವಷ್ಟು ಸಂತೋಷವಾಯಿತು. “ಊಂ ಅಕ್ಕೋರೆ, ಕಮ್ಮಿನೇ ಹಾಕೋದು” ಎಂದಳು. ಸೈನಿನ ಮಾತಿಗೆ, “ಎರಡು ದಿನ ಬುಡಿ, ತಿಳಿಸ್ತೀನಿ” ಎಂದಷ್ಟೇ ಹೇಳಿದಳು. ಅವರು ಹೋದ ಮೇಲೆ ಆ ಖಾಲಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡು ಕೂತಳು. ಅಷ್ಟು ಸುಲಭವಾಗಿ ಸಂತೋಷಪಟ್ಟದ್ದಕ್ಕೆ ಆಗ ತನ್ನ ಮೇಲೇ ಸಿಟ್ಟು ಬಂತು.

“ಸೈನ್ ಆಕುದ್ರೆ ಮಗೀಗೆ ಏನಂತ ಅಂತೀಯೆ?” ಎಂದ ರಾಜೇಂದ್ರ.

“ಆಕ್ದೆ ಓದ್ರೆ ಈ ಬೀದೀಲಿ ಎಂಗಿರೋದು?”

“ಅನ್ನೊಂದು ವರ್ಸ ಎಂಗಿದ್ವೋ ಅಂಗೇ.”

ಹೇಳುವುದು ಸುಲಭ. ಬೆಳಿಗ್ಗೆ ಎದ್ದು ಆಫೀಸಿಗೆ ಹೋಗುವ ಗಂಡಸಿಗೆ ಬೀದಿಯೆಂದರೆ ನಡೆದು ಹೋಗುವ ಜಾಗ. ಚಲುವಮ್ಮನಿಗೆ ಬೀದಿಯೆಂದರೆ ದಿನವೆಲ್ಲ. ಗೋಡೆಯ ಆಚೆ ಆ ಒಂದು ದನಿ ನಿಂತುಹೋದರೆ ದಿನ ಹೇಗೆ ಕಳೆಯುವುದು? ಈಗ ತಾನೇ ಒಂದು ಲೋಟ ಕಾಫಿಯಷ್ಟು ಬಾಗಿಲು ತೆರೆದಿದೆ. ಸೈನು ಹಾಕಿದರೆ ಇನ್ನಷ್ಟು ತೆರೆಯುತ್ತದೋ ಏನೋ. ಆದರೆ ಹಾಕಿದರೆ ಕವನ ಮಗುವನ್ನೆತ್ತಿಕೊಂಡು ಮತ್ತೆ ಬೇರೆಯವರ ತಮ್ಮಂದಿರ ಕಥೆ ಕೇಳುತ್ತ ಅಲೆಯಬೇಕು. ಎರಡು ದಿನ ಚಲುವಮ್ಮ ಅಕ್ಕಿಯಲ್ಲಿ ಕಲ್ಲು ಆರಿಸಿದ್ದನ್ನೇ ಆರಿಸಿದಳು. ಸಾರಿಗೆ ಉಪ್ಪು ಹಾಕಲು ಮರೆತಳು. ಹಿತ್ತಿಲಿಗೆ ಹೋದಾಗೆಲ್ಲ ಪಕ್ಕದ ಮನೆಯ ಮಹಡಿ ಕಣ್ಣಿಗೆ ಬೀಳುತ್ತಿತ್ತು. ಅಲ್ಲಿದ್ದ ಬ್ಯಾಂಕಿನವರು ವರ್ಗವಾಗಿ ಹೋದ ಮೇಲೆ ಕಬ್ಬಿಣದ ಮೆಟ್ಟಿಲಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ತೂಗಾಡುತ್ತಲೇ ಇತ್ತು. ಮೂರನೆಯ ದಿನ ಬೆಳಿಗ್ಗೆ ಅದನ್ನು ನೋಡುತ್ತ ನೋಡುತ್ತ ಅವಳಿಗೆ ಒಂದು ದಾರಿ ಕಂಡಿತು. ಎಷ್ಟು ಸರಳವಾಗಿತ್ತೆಂದರೆ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನಗು ಬಂತು. ಕಾಫಿ ಕುಡಿದ ಹೆಂಗಸು ಇದಕ್ಕೂ ಇಲ್ಲ ಎನ್ನುವಳೇ?

ಬಸವಯ್ಯ ಅಂಗಡಿಗೆ ಹೋದ ಹೊತ್ತು ನೋಡಿ, ಸೀರೆ ಬದಲಾಯಿಸಿ, ಮುಂಬಾಗಿಲಿನಿಂದ ಹೋದಳು. ಸರ್ವಮಂಗಳಾ ಪೂಜೆ ಮುಗಿಸಿ ವಿಭೂತಿಯ ಹಣೆಯಲ್ಲಿ ಬಂದು ಬಾಗಿಲು ತೆರೆದಳು. “ಬನ್ನಿ ಬನ್ನಿ, ಕುರ್ಚಿ ಮೇಲೇ ಕೂತ್ಕೊಳಿ” ಎಂದಳು. ಅರ್ಜಿ ಟೀಪಾಯಿಯ ಮೇಲೇ ಇತ್ತು, ಪಕ್ಕದಲ್ಲಿ ಪೆನ್ನು. ಮೇಲಿನ ಜಾಗ ಖಾಲಿ, ಕೆಳಗೆ ಬೀದಿಯೆಲ್ಲ ಸೈನು ಹಾಕಿತ್ತು.

“ಅಕ್ಕೋರೆ, ಒಂದು ಮಾತು” ಎಂದಳು ಚಲುವಮ್ಮ. “ನಿಮ್ಮತ್ರ ಮುಚ್ಚಿಡಾಕಾಗಕಿಲ್ಲ. ಆ ಬಿಲ್ಡಿಂಗಲ್ಲಿ ಎರಡನೇ ಅಂತಸ್ತು ನಮ್ ಕವನ ಬುಕ್ ಮಾಡವ್ಳೆ.”

ಸರ್ವಮಂಗಳಾಳ ಮುಖ ಸಪ್ಪಗಾಯಿತು. “ಕವನಾನಾ?”

“ಆಸೆಗಲ್ಲ ಅಕ್ಕೋರೆ. ಎಲ್ಲೂ ಬಾಡ್ಗೆಗೆ ಮನೆ ಕೊಡ್ತಾ ಇಲ್ಲ ಅದಕ್ಕೆ. ಯಾವ ಜನ ಅಂತಾರೆ, ಆಮೇಲೆ ಇಲ್ಲ ಅಂತಾರೆ. ನಂಗೂ ಆ ಬಿಲ್ಡಿಂಗು ಬ್ಯಾಡ. ನೀವು ಪೂಜೆಗೆ ಕೂರೋದ ಯಾರೋ ನೋಡೋದು ನಂಗೂ ಬ್ಯಾಡ.” ಒಂದೇ ಉಸಿರಿಗೆ ಹೇಳಿಬಿಟ್ಟಳು, “ನಿಮ್ಮ ಮೇಲಿನ ಮನೆ ಕಾಲಿ ಅದಲ್ಲಾ, ಅದ ನಮ್ ಕವನಂಗೆ ಕೊಡಿ. ಬಾಡ್ಗೆ ಸರ್ಯಾಗಿ ಕೊಡ್ತಾರೆ. ಕವನ ನಿಮ್ಮ ಕಣ್ಮುಂದೇನೆ ಬೆಳೆದ ಉಡುಗಿ. ಅವಳು ಬುಕ್ಕಿಂಗ್ ಬುಟ್ಬುಡ್ತಾಳೆ, ನಾ ಒಪ್ಪಿಸ್ತೀನಿ. ಪೆನ್ನು ಕೊಡಿ, ಈಗ್ಲೇ ಸೈನ್ ಆಕ್ತೀನಿ, ಎಲ್ಲಾರಿಗಿಂತ ಮೇಲೆ.”

ಕೈ ಚಾಚಿಯೇ ಹೇಳಿದಳು. ಫ್ಯಾನ್ ತಿರುಗುತ್ತಿತ್ತು, ಕಾಗದದ ಅಂಚು ಎದ್ದು ಎದ್ದು ಬೀಳುತ್ತಿತ್ತು. ಸರ್ವಮಂಗಳಾ ಗೋಡೆಯ ಮೊಳೆಗೆ ನೇತುಹಾಕಿದ್ದ ಮಹಡಿಯ ಬೀಗದ ಕೈ ಕಡೆ ನೋಡಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಕೆಟ್ಟ ಹೆಂಗಸಲ್ಲ ಅವಳು, ಆ ಗಳಿಗೆಯಲ್ಲೂ ಅವಳ ಮುಖದಲ್ಲಿ ಒದ್ದಾಟವೇ ಕಾಣುತ್ತಿತ್ತು.

“ಕೊಡಬಾರದು ಅಂತಲ್ಲ ಚಲುವಮ್ಮ” ಎಂದಳು. “ಆದ್ರೆ... ಮೇಲಿನ ಮನೆಗೆ ನಮ್ಮ ತಮ್ಮ...”

ಅಲ್ಲಿಗೆ ಮಾತು ನಿಂತಿತು. ಎದುರಿಗೆ ಕೂತಿದ್ದವಳು ಗೌರಿ ಹಬ್ಬದ ದಿನ ಮೊರದಲ್ಲಿ ಬಾಗಿನ ಇಟ್ಟುಕೊಟ್ಟವಳು. ಇಬ್ಬರಿಗೂ ಅದು ಒಟ್ಟಿಗೇ ನೆನಪಾಯಿತು. ಸರ್ವಮಂಗಳಾಳ ಕತ್ತು ಕೆಂಪೇರಿ, ಕಣ್ಣು ನೆಲಕ್ಕಿಳಿದವು.

ಚಲುವಮ್ಮ ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಯಾಕೋ ಸಿಟ್ಟು ಬರಲಿಲ್ಲ. ಆ ಹೆಂಗಸನ್ನು ಅಲ್ಲಿಂದ ಹೇಗಾದರೂ ಎತ್ತಬೇಕು ಅನ್ನಿಸಿತು.

“ಬರ್ಲಿ ಬುಡಿ ಅಕ್ಕೋರೆ” ಎಂದಳು. “ತಮ್ಮ ಬಂದ್ರೆ ಒಳ್ಳೇದೇ ಅಲ್ವಾ.”

ಎದ್ದಳು. ಸರ್ವಮಂಗಳಾ ತಡಬಡಿಸಿ ಎದ್ದು, “ಇರಿ, ಇರಿ, ಕಾಫಿ ತರ್ತೀನಿ” ಎಂದು ಒಳಗೆ ಓಡಿದಳು. ಫ್ಲಾಸ್ಕಿನಿಂದ ಬಗ್ಗಿಸಿದಳೋ ಏನೋ, ಬಹಳ ಬೇಗ ಬಂದಳು. ಕೈಯಲ್ಲಿ ಲೋಟ ಇತ್ತು. ಈ ಸಲ ಗಾಜಿನದಲ್ಲ, ಅವರ ಮನೆಯವರು ಕುಡಿಯುವ ಸ್ಟೀಲಿನ ಲೋಟ. ಅವಸರಕ್ಕೆ ಕಾಫಿ ಅಂಚಿನ ಮೇಲೆ ತುಳುಕುತ್ತಿತ್ತು.

ಚಲುವಮ್ಮ ಅದನ್ನು ನೋಡಿದಳು, ಅವಳ ಮುಖವನ್ನು ನೋಡಿದಳು, ನಕ್ಕಳು.

“ಬ್ಯಾಡಿ ಅಕ್ಕೋರೆ. ಈಗ್ತಾನೇ ಕುಡ್ಕಂಡು ಬಂದೆ.”

ಬೀದಿಗಿಳಿದು ಮನೆಯ ಕಡೆ ನಡೆದಳು. ಸುಬ್ಬಲಕ್ಷ್ಮಮ್ಮ ಬಾಗಿಲಲ್ಲಿ ನಿಂತು “ಏನಾಯ್ತಮ್ಮಾ, ಹಾಕಿದ್ಯಾ?” ಎಂದು ಕೂಗಿದಳು. ಚಲುವಮ್ಮ ಇಲ್ಲ ಎಂದು ತಲೆಯಾಡಿಸಿ ಗೇಟು ಹಾಕಿಕೊಂಡಳು. ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ. ನಾಳೆ ಯಾರು ಮಾತಾಡಿಸುತ್ತಾರೋ, ಯಾರು ಬಿಡುತ್ತಾರೋ. ಬಸವಯ್ಯ ಏನು ಮಾಡುತ್ತಾನೋ. ಕವನ ಈ ಬೀದಿಗೆ ಬಂದು ಸುಖವಾಗಿರುತ್ತಾಳೋ, ಅವಳೂ ತನ್ನಂತೆ ಲೋಟ ಒರೆಸಿಡುತ್ತ ಕೂರುತ್ತಾಳೋ. ಹಿತ್ತಿಲ ಗೋಡೆಯ ಆಚೆಯಿಂದ ದನಿ ಬರಬಹುದೆಂದು ಸ್ವಲ್ಪ ಹೊತ್ತು ಕಾದಳು, ಬರಲಿಲ್ಲ.

ಸ್ಟವ್ ಹಚ್ಚಿ ಕಾಫಿಗಿಟ್ಟಳು. ಅವತ್ತು ಇಳಿಸಿದ ಲೋಟಗಳು ಇನ್ನೂ ಅಟ್ಟಣಿಗೆ ಹತ್ತಿರಲಿಲ್ಲ. ಒಂದನ್ನು ತೆಗೆದುಕೊಂಡು ಬಗ್ಗಿಸಿದಳು. ಬಿಸಿ ಏರಿ ಚುಕ್ಕಿಯ ಅಕ್ಷರಗಳು ಬೆರಳಿಗೆ ತಗಲಿದವು. ನಡುಮನೆಯಲ್ಲಿ, ನಾಲ್ಕು ಜನ ಬಂದು ಕೂತಿದ್ದ ಕುರ್ಚಿಗಳಲ್ಲೇ ಒಂದರಲ್ಲಿ ಕೂತು, ಕೊನೆತನಕ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು.

ಸಂಜೆ ರಾಜೇಂದ್ರ ಬಂದವನು ಟೀಪಾಯಿಯ ಮೇಲಿದ್ದ ಲೋಟ ನೋಡಿ ಬಾಗಿಲಲ್ಲೇ ನಿಂತ. “ಯಾರ್ ಬಂದಿದ್ರು?” ಎಂದ.

“ಯಾರೂ ಇಲ್ಲ” ಎಂದಳು ಚಲುವಮ್ಮ. “ನಾನೇ ಕುಡ್ದೆ.”